ಜೋಳ ಕೊಟ್ಟು ಕರೆದರೆ

ಹೊಳೆದಂಡೆಗೆ ಬೇಲಿ ಹಾಕಿದವರ ಮೇಲೆ ನನಗಿನ್ನೂ ಸಿಟ್ಟಿದೆ. ಅವರು ಕೆಟ್ಟವರಾಗಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ನಾವು ಭಂಡಾರಕವಠೆ ಕಡೆಯ ಕುರಿಯವರು. ಭೀಮಾ ಹೊಳೆ ತುಂಬಿ ಬಂದಾಗ ನೀರು ಹರಡಿಕೊಳ್ಳುವ ತಗ್ಗು ನೆಲ ನಮ್ಮೂರ ಮಗ್ಗುಲಿಗೇ ಇದೆ. ಅಲ್ಲಿ ಮನೆ ಕಟ್ಟಬಾರದು, ಒಡ್ಡು ಹಾಕಬಾರದು, ಹೊಳೆಗೆ ಅದರ ಜಾಗ ಬಿಡಬೇಕು ಎಂದು ಸರ್ಕಾರದ ಇಲಾಖೆಯೂ ಸೊಲ್ಲಾಪುರದ ವ್ಯಾಪಾರಿಗಳ ಒಂದು ಸಂಘವೂ ಕೈಜೋಡಿಸಿದವು. ನೆಲ ಇಲಾಖೆಯದು, ಖರ್ಚು ಸಂಘದ್ದು. ಒಳ್ಳೆಯ ಕೆಲಸವೇ, ಬೇಡ ಎಂದವರು ಯಾರು? ಮಣ್ಣು ಕೊಚ್ಚಿಹೋಗದಿರಲೆಂದು ಹುಲ್ಲು ಬಿತ್ತಿದರು. ಆಮೇಲೆ ಸುತ್ತ ತಂತಿ ಬಿಗಿದು, ಕಬ್ಬಿಣದ ಬಾಗಿಲಿಗೆ ಕೀಲಿ ಜಡಿದು, ಇನ್ನು ಕುರಿ ಬಿಡಬೇಡಿ ಎಂದರು. ಬೇಸಿಗೆಯಲ್ಲಿ ನಮ್ಮ ಹಿಂಡಿಗೆ ಹಸಿರು ಸಿಗುವುದು ಅದೊಂದೇ ಕಡೆ. ಅದು ಹೋದರೆ ಹಿಂಡನ್ನೇ ಮಾರಬೇಕಾಗುತ್ತಿತ್ತು.

ಅವರು ಊರಲ್ಲಿ ಕರೆದ ಸಭೆಯಲ್ಲಿ ಎದ್ದು ಇದನ್ನೇ ಹೇಳಿದೆ. "ನಿಮ್ಮ ತ್ರಾಸ ನಮಗ ತಿಳೀತದರಿ" ಎಂದು ಸಂಘದ ಸಾವಕಾರರು ತಲೆಯಾಡಿಸಿದರು. ಮರುದಿನ ಟೆಂಪೊ ತುಂಬ ಜೋಳ ತಂದು, ಕುರಿಯವರ ಮನೆಮನೆಗೂ ಚೀಲ ಇಳಿಸಿ, ಕೈಮುಗಿದು ಹೋದರು.

ನಾವೇನು ಭಿಕ್ಷುಕರೇ? ವಾಪಸು ಕಳಿಸೋಣ ಎಂದು ಕೂಗಾಡಿದೆ. ಅವ್ವ ಒಂದು ಮುಷ್ಟಿ ಜೋಳ ತೆಗೆದು, ಭಂಡಾರದ ಅರಿಶಿನ ಹಾಕಿ, ನಮ್ಮ ಕುರಿಯವರ ದೇವರು ಬೀರೋಬಾನ ಮುಂದಿಟ್ಟಳು.

"ಜ್ವಾಳಾ ಕೊಟ್ಟು ಕರದಾರ. ಒಲ್ಲೆ ಅನಬಾರದು. ಹಿಂಡ ಹೊಡೀರಿ."

ನಮ್ಮಲ್ಲಿ ಹೊಲದವರು ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ಕೂಡಿಸಿಕೊಳ್ಳುತ್ತಾರೆ. ಕುರಿಯವರನ್ನು ಕರೆಯುವುದು ಜೋಳ ಕೊಟ್ಟೇ. ಜೋಳ ತೆಗೆದುಕೊಂಡ ಮೇಲೆ ಹೋಗದಿದ್ದರೆ ದೇವರಿಗೆ ತಪ್ಪಿ ನಡೆದಂತೆ. ಪೇಟೆಯಲ್ಲಿ ಹುಟ್ಟಿ ಬೆಳೆದ ಸಾವಕಾರರಿಗೆ ಇದು ಹೇಗೆ ಗೊತ್ತಾಗಬೇಕು? ನನ್ನ ಸಿಟ್ಟೆಲ್ಲ ನಗೆಯಾಯಿತು.

ಹೊತ್ತು ಮುಳುಗುವುದರೊಳಗೆ ಬಾಗಿಲು ಕಿತ್ತು ಪಕ್ಕಕ್ಕಿಟ್ಟು, ಊರ ಹಿಂಡನ್ನೆಲ್ಲ ಒಳಗೆ ಕೂಡಿಸಿದೆವು. ಬೆಳಿಗ್ಗೆ ಇಲಾಖೆಯ ಸಾಹೇಬರು ಜೀಪಿನಲ್ಲಿ, ಸಾವಕಾರರು ಕಾರಿನಲ್ಲಿ ಓಡೋಡಿ ಬಂದರು.

"ಮಾವಶಿ, ನಾ ಜ್ವಾಳಾ ಮದತ್ ಅಂತ ಕೊಟ್ಟಿದ್ನಿರಿ!" ಎಂದು ಸಾವಕಾರರು ಅವ್ವನಿಗೆ ಚಿಕ್ಕಮ್ಮನ ವರಸೆ ಹಚ್ಚಿ ಗೋಗರೆದರು.

"ನಾವೂ ಮದತ್ ಮಾಡಾಕತ್ತೀವ್ರಿ. ಕುರಿ ಹಿಕ್ಕಿ ಬಿದ್ದಲ್ಲಿ ಹುಲ್ಲ ಜೋರ ಬರ್ತದ" ಎಂದಳು ಅವ್ವ.

ಸಾಹೇಬರು ಪೊಲೀಸರ ಹೆಸರೆತ್ತಿದರು. "ಕರೀರಿ, ಅವರಿಗೂ ಚಾ ಇಡ್ತೀವಿ" ಎಂದೆ ನಾನು.

ಪೊಲೀಸರು ಬರಲಿಲ್ಲ. ಜಗಳವಾಡಿ ಆಡಿ ಕೊನೆಗೊಂದು ಮಾತಾಯಿತು: ಮಳೆಗಾಲದಲ್ಲಿ ಹುಲ್ಲು ಬೇರೂರಲು ಬಿಡುವುದು, ಬೇಸಿಗೆಯಲ್ಲಿ ಕುರಿ ಮೇಯಿಸುವುದು. ನಾವು ಆ ಮಾತಿಗೆ ತಪ್ಪಿಲ್ಲ. ಅಲ್ಲಿ ಜಾಲಿ ಗಿಡ ಎದ್ದರೆ ಕೀಳುವವರೂ ನಾವೇ.

ಈ ವರ್ಷ ಫಲಕ ನಿಲ್ಲಿಸಿದ್ದಾರೆ. ಅದರಲ್ಲಿ ಇಲಾಖೆಯ ಹೆಸರಿದೆ, ಸಂಘದ ಹೆಸರಿದೆ, ಕುರಿಯವರ ಸುದ್ದಿಯೇ ಇಲ್ಲ. ನಾನು ಮತ್ತೆ ಉರಿದೆದ್ದೆ. ಸಾವಕಾರರು ಸಮಾಧಾನ ಹೇಳಲು ಬಂದರು: "ನಿಮ್ಮದೂ ಬರಸ್ತೀನ್ರಿ ಮಾವಶಿ. ಆ ಗೇಟ್ ಒಂದು ಮತ್ತ ಕೂಡಿಸೂಣು."

"ಹೆಸರ ನೀವಽ ಇಟ್ಕೋರಿ" ಎಂದಳು ಅವ್ವ.

ಆ ಬಾಗಿಲು ಈಗ ನಮ್ಮ ಮರಿಗಳ ದೊಡ್ಡಿಗಿದೆ. ಯಾರು ಬಂದು ಕೇಳಿದರೂ ಕೊಡುವುದಿಲ್ಲ.