ಇನ್ನೊಮ್ಮೆ ನೋಡ್ರಿ, ಅಣ್ಣಾರ

ಕಸ್ತೂರಿ, ಆ ದಿನ ನೀನು ಏನನ್ನೂ ಎತ್ತಿಕೊಳ್ಳಲಿಲ್ಲ. ನಾನು ಏನನ್ನೂ ನೋಡಲಿಲ್ಲ. ನನ್ನ ಹೆಂಡತಿಯ ಕಿವಿಯ ಬೆಂಡೋಲಿಯನ್ನು ನೀನು ಸೆರಗಿನ ತುದಿಗೆ ಗಂಟು ಹಾಕಿಕೊಂಡದ್ದನ್ನು ಕ್ಯಾಮೆರಾದಲ್ಲಿ ಕಂಡೆ ಎಂದು ನಾನು ಹೇಳಿದ್ದು ಸುಳ್ಳು. ತಪ್ಪಾಗಿ ಕಂಡದ್ದಲ್ಲ, ಕಣ್ಣು ಮಂಜಾದದ್ದಲ್ಲ — ಹೇಳುವ ಮೊದಲು ಒಂದು ಗಂಟೆ ಯೋಚಿಸಿ ಹೇಳಿದ ಸುಳ್ಳು.

ನಿನಗೆ ಗೊತ್ತಿದ್ದದ್ದನ್ನೂ ಇಲ್ಲಿ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಇದು ನಿನ್ನೊಬ್ಬಳ ಮುಂದೆ ಓದುವ ಕಾಗದವಲ್ಲ. ಮೂರು ವರ್ಷದ ಹಿಂದೆ ಆ ಸುಳ್ಳು ನಮ್ಮ ಓಣಿಯಲ್ಲಿ ಎಷ್ಟು ಮಂದಿಗೆ ಕೇಳಿಸಿತೋ, ಇದೂ ಅಷ್ಟು ಮಂದಿಗೆ ಕೇಳಿಸಬೇಕು.

ನಾನು ಎಂಥ ಮನುಷ್ಯ ಎಂಬುದು ಸಂಶಿಯಲ್ಲಿ ಎಲ್ಲರಿಗೂ ಗೊತ್ತು. ಕುಂದಗೋಳದ ಕಾಲೇಜಿನಲ್ಲಿ ಗುಮಾಸ್ತ. ಬೆಳಗ್ಗೆ ಮನೆ ಬಿಡುವ ಮುಂದೆ ಹಿತ್ತಲ ಬಾಗಿಲಿನ ಬೀಗವನ್ನು ಮೂರು ಸಲ ಜಗ್ಗುತ್ತೇನೆ. ಓಣಿಯ ತಿರುವಿಗೆ ಹೋಗಿ, ಜಗ್ಗಿದ್ದು ಎರಡು ಸಲವೋ ಮೂರು ಸಲವೋ ಎಂದು ಅನುಮಾನ ಬಂದು, ತಿರುಗಿ ಬಂದು ಇನ್ನೊಮ್ಮೆ ಜಗ್ಗುತ್ತೇನೆ. ಗ್ಯಾಸು ಆರಿದೆಯೋ ಎಂದು ಅದರ ಗುಬಟಿ ಮುಟ್ಟಿ ನೋಡುತ್ತೇನೆ. ಹಿಂದಿನ ಓಣಿಯಲ್ಲಿ ಯಾರದೋ ಬೋರ್‌ವೆಲ್ಲಿನ ವಾಯರು ಕದ್ದುಹೋಯಿತು ಎಂದು ಕೇಳಿದ ವಾರವೇ ಹುಬ್ಬಳ್ಳಿಗೆ ಹೋಗಿ ಒಂದು ಕ್ಯಾಮೆರಾ ತಂದೆ. ನಮಗೆ ಬೋರ್‌ವೆಲ್ಲೂ ಇಲ್ಲ, ವಾಯರೂ ಇಲ್ಲ. ಆದರೂ ತಂದೆ. ಧ್ವನಿಯೂ ಕೇಳಿಸುವಂಥದ್ದು ತುಟ್ಟಿ ಅಂದರು; ಬರೀ ಚಿತ್ರದ್ದು ತಂದೆ.

ಅದನ್ನು ಹೊರಗೋಡೆಗೆ, ಕಟ್ಟೆ ಕಾಣುವ ಹಾಗೆ, ನಾನೇ ಕೂಡಿಸಿದೆ. ನೆನಪಿದೆಯಲ್ಲ ನಿನಗೆ? ನಮ್ಮ ಮನೆಯ ಮಣ್ಣಿನ ಗೋಡೆ ಎರಡು ಮೊಳ ದಪ್ಪ. ಪಡಸಾಲೆಯ ನೆಟ್ಟು ಹೊರಗಿನ ಕಟ್ಟೆಗೆ ಬರಲೊಲ್ಲದು. ರೌಟರನ್ನು ತೆಗೆದು ಬೆಳಕಿಂಡಿಯಲ್ಲಿ ಇಟ್ಟೆ. ಕ್ಯಾಮೆರಾಕ್ಕೆ ಮನೆಯ ನೆಟ್ಟಿನ ಗುರುತು ಸಿಗಬೇಕಾದರೆ ಮೊಬೈಲಿನ ಪರದೆಯ ಮೇಲೆ ಮೂಡುವ ಕ್ಯೂಆರ್ ಕೋಡಿನ ಚೌಕಟ್ಟನ್ನು ಅದರ ಕಣ್ಣಿನೆದುರು ಹಿಡಿಯಬೇಕು. ಏಣಿ ಹತ್ತಿ ಹಿಡಿದೆ. ಹತ್ತಿರ ಹಿಡಿದರೆ ಒಲ್ಲದು, ದೂರ ಹಿಡಿದರೆ ಒಲ್ಲದು. ಕೆಳಗೆ ಕಟ್ಟೆಯ ಮೇಲೆ ನೀನು ಮತ್ತು ನನ್ನ ಹೆಂಡತಿ ಗಿರಿಜಾ ಹಳೆಯ ಸೀರೆಗಳ ಕೌದಿ ಹೊಲಿಯುತ್ತ ಕುಳಿತಿದ್ದಿರಿ. ನೀನು ಅಂದಿ:

“ನೋಡವಾ ಗಿರಿಜಾ, ಅಣ್ಣಾರು ಕ್ಯಾಮೆರಾಕ್ಕ ಕನ್ನಡಿ ತೋರ್ಸಾಕತ್ತಾರ. ಮದುಮಗನ್ನ ಮಾಡ್ಯಾರ ಅದನ್ನ!”

ನಾನೂ ನಕ್ಕೆ. ಆಗ ನಕ್ಕೆ.

ಹೊರಗಿನಿಂದ ಕಾಣುತ್ತದೋ ಇಲ್ಲವೋ ಎಂದು ನೋಡಲು ಮೊಬೈಲಿನ ವೈಫೈ ಆರಿಸಿ ಹನುಮಪ್ಪನ ಗುಡಿಯವರೆಗೆ ನಡೆದೆ. “ನಾ ಅಲ್ಲಿಂದ ನೋಡ್ತೀನಿ, ನೀವು ಕೈ ಮಾಡ್ರಿ” ಎಂದು ಹೇಳಿ ಹೋಗಿದ್ದೆ. ಚಕ್ರ ತಿರುಗಿ ತಿರುಗಿ, ಪರದೆ ಕಪ್ಪಾಗಿ — ನಂತರ ಚಿತ್ರ ಬಂತು. ನೀವಿಬ್ಬರೂ ಎದ್ದು ನಿಂತು, ಕೌದಿಯ ಆ ತುದಿ ಈ ತುದಿ ಹಿಡಿದು, ಗಾಳಿಯಲ್ಲಿ ಬೀಸುತ್ತಿದ್ದಿರಿ. ನನ್ನ ಕ್ಯಾಮೆರಾ ದೂರದಿಂದ ನನಗೆ ತೋರಿಸಿದ ಮೊದಲ ಚಿತ್ರ ಅದು. ಗಿರಿಜಾ ಬಾಯಿಗೆ ಸೆರಗು ಅಡ್ಡ ಹಿಡಿಯದೆ ನಗುತ್ತಿದ್ದಳು.

ಮದುವೆಯಾಗಿ ಇಪ್ಪತ್ತನಾಲ್ಕು ವರ್ಷ. ಆ ನಗೆ — ನಾನು ನೋಡಿರಲೇ ಇಲ್ಲ.

ಆಮೇಲೆ ನನ್ನ ಕೆಲಸವೇ ಅದಾಯಿತು. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿ, ರೊಟ್ಟಿಗೆ ಪಲ್ಲೆ ಹಚ್ಚಿಕೊಂಡು, ಮೊಬೈಲನ್ನು ನೀರಿನ ತಂಬಿಗೆಗೆ ಆನಿಸಿ ಇಡುತ್ತಿದ್ದೆ. ಬಾಜು ಕುರ್ಚಿಯವರು “ಏನ್ ಸಾಹೇಬ್ರ, ಕ್ರಿಕೆಟ್ಟೇನ್ರಿ?” ಎಂದರೆ “ಹೌದ್ರಿ” ಎನ್ನುತ್ತಿದ್ದೆ. ನೀವು ಮಾತಾಡುತ್ತಿದ್ದಿರಿ, ಕೇಳಿಸುತ್ತಿರಲಿಲ್ಲ. ಬರೀ ತುಟಿ, ಸೂಜಿ, ನಗೆ. ಸಂಜೆ ಮನೆಗೆ ಬಂದು ಗಿರಿಜಾಳನ್ನು ಕೇಳುತ್ತಿದ್ದೆ — ಇವತ್ತೇನು ವಿಶೇಷ? “ಏನೈತ್ರಿ ವಿಶೇಷ, ಕೌದಿ ಹೊಲದ್ವಿ” ಎನ್ನುತ್ತಿದ್ದಳು. ಎರಡು ತಾಸಿನ ಮಾತಿನಲ್ಲಿ ನನ್ನ ಪಾಲಿಗೆ ಬಂದದ್ದು ಅಷ್ಟೇ.

ನಾನೂ ನಗಿಸಲು ನೋಡಿದೆ, ಸುಳ್ಳಲ್ಲ. ಕಾಲೇಜಿನ ಜೋಕು ಊಟದ ಹೊತ್ತಿಗೆ ಹೇಳಿದೆ. “ಸಾರು ಹಾಕ್ಲೇನ್ರಿ?” ಅಂದಳು. ಒಂದು ಐತವಾರ ನಿಮ್ಮ ಜೊತೆ ಕಟ್ಟೆಯ ಮೇಲೆ ಕುಳಿತು, ಸೂಜಿಗೆ ದಾರ ಪೋಣಿಸಿ ಕೊಡುತ್ತೇನೆ ಎಂದೆ. ಚಾಳೀಸು ಕನ್ನಡಕ ಮೂಗಿನ ತುದಿಗಿಟ್ಟು, ದಾರಕ್ಕೆ ಎಂಜಲು ಹಚ್ಚಿ ಹಚ್ಚಿ ಅರ್ಧ ತಾಸಿನಲ್ಲಿ ಎರಡು ಸೂಜಿ ಪೋಣಿಸಿದೆ. ನೀನು ತಲೆಯ ಮೇಲೆ ಸೆರಗು ಎಳೆದುಕೊಂಡಿ. ಗಿರಿಜಾ ಹೊಲಿಗೆ ಬಿಟ್ಟು ಕಣ್ಣೆತ್ತಲಿಲ್ಲ. ಸ್ವಲ್ಪ ಹೊತ್ತಿಗೆ “ಒಲಿ ಮ್ಯಾಲೆ ಬ್ಯಾಳಿ ಇಟ್ಟ ಬಂದೇನ್ರಿ ಅಣ್ಣಾರ” ಎಂದು ನೀನು ಎದ್ದು ಹೋದಿ. ಕಟ್ಟೆಯ ಮೇಲೆ ನಾನೂ ನನ್ನ ಹೆಂಡತಿಯೂ ಉಳಿದೆವು. ನಾನು ಮೂರನೆಯ ಸೂಜಿ ಕೈಗೆತ್ತಿಕೊಂಡೆ.

ಗಂಡಸಿನ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದರೆ ಒಂದು ಹೆಸರಾದರೂ ಇರುತ್ತಿತ್ತು. ಹೆಂಡತಿಯ ಗೆಳತಿಯ ಮೇಲೆ, ಅವರಿವರ ಕೌದಿ ಹೊಲಿದು ಬದುಕುವ ಹೆಂಗಸಿನ ಮೇಲೆ ಉರಿದುಕೊಳ್ಳುವ ಐವತ್ತರ ಗಂಡಸಿಗೆ — ನನಗೇ ನಾಚಿಕೆಯಾಗುತ್ತಿತ್ತು. ನಾಚಿಕೆಯಾಗುತ್ತಿತ್ತು, ಮೊಬೈಲನ್ನು ಮತ್ತೆ ತಂಬಿಗೆಗೆ ಆನಿಸುತ್ತಿದ್ದೆ.

ಹಾಗಿರುವಾಗ ಒಂದು ಮಧ್ಯಾಹ್ನ ಗಿರಿಜಾ ಸೂಜಿ ಕೆಳಗಿಟ್ಟು ಎದ್ದಳು. ಬಾಗಿಲ ಕಡೆ ನಡೆದಳು. ಬೀಗ ಹಿಡಿದವಳ ಹಾಗೆ ಕೈ ಮಾಡಿ ಜಗ್ಗಿದಳು — ಒಂದು, ಎರಡು, ಮೂರು. ನಾಲ್ಕು ಹೆಜ್ಜೆ ನಡೆದಳು. ನಿಂತಳು. ತಲೆ ಕೆರೆದುಕೊಂಡಳು. ತಿರುಗಿ ಬಂದು ಮತ್ತೆ ಜಗ್ಗಿದಳು. ನನ್ನ ಭುಜದ ಓರೆ, ನನ್ನ ಕುಂಟು ನಡಿಗೆ, ಎಲ್ಲ ಅಗದಿ ಬರೋಬ್ಬರಿ. ನೀನು ಕಟ್ಟೆಯ ಮೇಲೆ ಹೊರಳಾಡಿ ನಕ್ಕಿ. ಆಕೆ ನಿನ್ನ ತೊಡೆಗೆ ಬಡಿದು ನಕ್ಕಳು.

ನನ್ನ ಬಾಯಲ್ಲಿ ರೊಟ್ಟಿಯ ತುತ್ತಿತ್ತು. ಡಬ್ಬಿಯ ಮುಚ್ಚಳ ಹಾಕಿದೆ.

ಇಷ್ಟು ಚೆಂದ ನನ್ನನ್ನು ನೋಡಿಕೊಂಡಿದ್ದಾಳೆ, ಇಷ್ಟು ಹತ್ತಿರದಿಂದ — ಇದನ್ನು ನನ್ನೆದುರು ಮಾಡಿ ತೋರಿಸಿದ್ದರೆ ನಾನೂ ನಗುತ್ತಿದ್ದೆನೋ ಏನೋ. ಆದರೆ ಅದನ್ನು ನಿನಗೆ ಕೊಟ್ಟಳು. ಸಿಟ್ಟು ಬಂದದ್ದು ಆಡಿಕೊಂಡದ್ದಕ್ಕಲ್ಲ. ನಿನಗೆ ಕೊಟ್ಟದ್ದಕ್ಕೆ.

ಅದಾಗಿ ನಾಲ್ಕು ದಿನಕ್ಕೆ ಆಕೆಯ ಬೆಂಡೋಲಿ ಕಳೆಯಿತು. ತವರಿನವರು ಇಟ್ಟ ಬಂಗಾರದ ಜೋಡು, ಅದರಲ್ಲಿ ಎಡಗಿವಿಯದ್ದು. ಡಬ್ಬಿಯ ಹಿಟ್ಟನ್ನು ಸಾಣಿಸಿದಳು, ಬಚ್ಚಲು ತಡಕಿದಳು, ಕೌದಿ ಝಾಡಿಸಿದಳು. ಸಂಜೆ ನಾನು ಬಂದಾಗ ಅಳುತ್ತಿದ್ದಳು. ನಾನು ಚಹಾ ಕುಡಿದೆ. ಒಂದು ಗಂಟೆ ಯೋಚಿಸುತ್ತ ಕುಳಿತೆ. ಆಮೇಲೆ ಹೇಳಿದೆ:

“ಹೇಳಬೇಕೋ ಬ್ಯಾಡೋ... ನೀ ಚಾ ತರಾಕ ಒಳಗ ಹೋದಾಗ ಕಸ್ತೂರಿ ಕೌದಿ ಮ್ಯಾಲಿಂದ ಏನೋ ಎತ್ತಿ ಸೆರಗಿಗೆ ಗಂಟ ಹಾಕ್ಕೊಂಡ್ಲು. ಕ್ಯಾಮೆರಾದಾಗ ನೋಡೇನಿ.”

ಗಿರಿಜಾ ನನ್ನ ಮುಖ ನೋಡಿದಳು. “ನೀವು ಸುಳ್ಳು ಹೇಳೂ ಮನಷ್ಯಾ ಅಲ್ಲ” ಅಂದಳು. ನಂಬಿಕೆಯಿಂದಲ್ಲ, ಸುಳ್ಳು ಹೇಳಲು ಬೇಕಾಗುವ ಧೈರ್ಯ ನನಗಿಲ್ಲ ಎಂಬ ಲೆಕ್ಕದಲ್ಲಿ ಅಂದಳು.

ಮರುದಿನ ಕುಂದಗೋಳದ ಬಸ್ ಸ್ಟ್ಯಾಂಡಿನಲ್ಲಿ ಇಳಿದವನಿಗೆ ಆಗ ಹೊಳೆಯಿತು. ಆಕೆ ‘ತೋರಸ್ರಿ’ ಅಂದರೆ? ಕ್ಯಾಮೆರಾದೊಳಗಿನ ಕಾರ್ಡಿನಲ್ಲಿ ಹಿಂದಿನ ಇಡೀ ದಿನದ ಚಿತ್ರ ಇತ್ತು. ನೀನು ಏನನ್ನೂ ಎತ್ತಿಕೊಳ್ಳದೆ, ಕೆಳಗೆ ನೋಡುತ್ತ, ಹೊಲಿಯುತ್ತ ಕುಳಿತ ಚಿತ್ರ. ಗಿರ್ಮಿಟ್ ಮಾರುವ ಗಾಡಿಯ ಬಾಜು ನಿಂತು ಮೊಬೈಲ್ ತೆಗೆದೆ. ಅಲ್ಲಿಂದಲೇ ಕಾರ್ಡು ಅಳಿಸಬಹುದು ಎಂಬುದು ನನಗೆ ಗೊತ್ತಿತ್ತು. ಎಲ್ಲ ಅಳಿಸಿಹೋಗುತ್ತದೆ, ಖಚಿತವೇ ಎಂದು ಮೊಬೈಲು ಕೇಳಿತು. ಬೀಗ ಮೂರು ಸಲ ಜಗ್ಗುವ ನಾನು ಅದನ್ನು ಒಂದೇ ಸಲಕ್ಕೆ ಒತ್ತಿದೆ.

ಅಂದು ಮಧ್ಯಾಹ್ನ ನಡೆದದ್ದನ್ನು ನಾನು ನೋಡಿದೆ, ಕಸ್ತೂರಿ. ಇದು ನಿನಗೆ ಗೊತ್ತಿರಲಿಕ್ಕಿಲ್ಲ. ಗಿರಿಜಾ ಏನೋ ಕೇಳಿದಳು. ನೀನು ಕೈಯಲ್ಲಿದ್ದ ಸೂಜಿಯನ್ನು ಕೌದಿಗೆ ಚುಚ್ಚಿಟ್ಟಿ. ಎದುರು ಮನೆಯವರು ಬಂದರು, ನೀರಿನ ಕೊಡ ಹೊತ್ತವರು ನಿಂತರು. ನೀನು ಎಲ್ಲರ ಮುಂದೆ ಸೆರಗಿನ ಗಂಟು ಬಿಚ್ಚಿ ಝಾಡಿಸಿದಿ. ಎರಡು ಅಡಿಕೆ ಹೋಳು ಬಿದ್ದವು. ಆಮೇಲೆ ನೀನು ತಲೆಯೆತ್ತಿ ಕ್ಯಾಮೆರಾ ನೋಡಿದಿ. ನೆಟ್ಟಗೆ, ನನ್ನ ಕಣ್ಣಲ್ಲಿ ಕಣ್ಣಿಟ್ಟ ಹಾಗೆ. ಏನೋ ಹೇಳಿದಿ. ನಾನು ಮೊಬೈಲನ್ನು ಬೋರಲು ಹಾಕಿದೆ.

ಸಂಜೆ ಗಿರಿಜಾ ಚಿತ್ರ ತೋರಿಸಿರಿ ಎಂದಳು. ಕಾರ್ಡು ತುಂಬಿ ಹಳೆಯದೆಲ್ಲ ತಾನೇ ಅಳಿಸಿಹೋಗಿದೆ ಎಂದೆ. ಆಕೆ ಕೌದಿಯನ್ನು ಮಡಚಿ ಟ್ರಂಕಿಗೆ ಹಾಕಿದಳು. ಮೂರು ಮೂಲೆ ಮುಗಿದಿದ್ದವು. ಕಡೆಯ ಮೂಲೆ ಹೊಲಿಯುವಾಗ ಅದರೊಳಗೆ ಒಂದು ಚೂರು ರೊಟ್ಟಿ ಇಟ್ಟು ಹೊಲಿಯಬೇಕು, ಕೌದಿ ಹಸಿದಿರಬಾರದು ಎಂದು ನೀನೇ ಆಕೆಗೆ ಹೇಳಿಕೊಟ್ಟದ್ದಂತೆ. ಆ ಮೂಲೆ ಹಾಗೇ ಉಳಿಯಿತು.

ಕಟ್ಟೆ ನನ್ನದಾಯಿತು ಅಂದುಕೊಂಡಿದ್ದೆ. ಗಿರಿಜಾ ಕಟ್ಟೆಗೆ ಬರುವುದನ್ನೇ ಬಿಟ್ಟಳು. ನೀನು ಹಿಟ್ಟಿನ ಗಿರಣಿಗೆ ಹೋಗಲು ಹಿಂದಿನ ಓಣಿ ಹಿಡಿದಿ — ನನ್ನ ಕ್ಯಾಮೆರಾಕ್ಕೆ ಕಾಣದ ದಾರಿ. ಮಳೆಯಲ್ಲಿ ಎರೆ ಮಣ್ಣು ಮೊಣಕಾಲಿಗೆ ಹತ್ತುವ ದಾರಿ. ನಾನು ಊಟದ ಹೊತ್ತಿಗೆ ಮೊಬೈಲು ತೆರೆದರೆ ಖಾಲಿ ಕಟ್ಟೆ, ಒಂದು ಕೋಳಿ. ನಿನ್ನನ್ನು ಪಡಸಾಲೆಯಲ್ಲಿ ಕೂಡಿಸಿ ಕೌದಿ ಹೊಲಿಸುತ್ತಿದ್ದವರು ಹಳೆಯ ಸೀರೆಯ ಗಂಟನ್ನು ಹೊಸ್ತಿಲ ಹೊರಗೇ ನಿಂತು ಕೊಡಲು ಶುರು ಮಾಡಿದರು. ಆಮೇಲೆ ಅದೂ ನಿಂತಿತು ಎಂದು ಕೇಳಿದೆ.

ನನಗೆ ಮಾತ್ರ ಹೆಸರು ಬಂತು. ಕಳ್ಳೀನ ಹಿಡಿದ ಕ್ಯಾಮೆರಾ! ಮೊಬೈಲಿನಲ್ಲಿ ಮನೆ ಕಾಣುವ ಹಾಗೆ ಕೂಡಿಸಿಕೊಡಿ ಎಂದು ನಾಲ್ಕಾರು ಮನೆಯವರು ಕರೆದರು. ಹೋದೆ. ಏಣಿ ಹತ್ತಿ ಕೂಡಿಸಿಕೊಟ್ಟೆ. ಚಹಾ, ಅವಲಕ್ಕಿ, ಮರ್ಯಾದೆ — ಯಾವುದನ್ನೂ ಬೇಡ ಅನ್ನಲಿಲ್ಲ.

ಹೋದ ಚಳಿಗಾಲ ಹೊದೆಯಲು ಏನೋ ಹುಡುಕುತ್ತ ಟ್ರಂಕಿಗೆ ಕೈ ಹಾಕಿದೆ. ಬೆರಳಿಗೆ ಚುಚ್ಚಿತು. ನಿನ್ನ ಸೂಜಿ, ನೀನು ಬಿಟ್ಟಲ್ಲೇ ಇತ್ತು. ಅದನ್ನು ತೆಗೆಯಲು ತಡಕಾಡುವಾಗ ನಾಲ್ಕು ಬೆರಳಿನ ಆಚೆ, ಸೀರೆಯ ಪದರುಗಳ ನಡುವೆ, ಹೊಲಿಗೆಯ ಕೆಳಗೆ, ಕಡಲೆಕಾಳಿನಷ್ಟು ಗಟ್ಟಿ ಏನೋ ಸಿಕ್ಕಿತು. ಒತ್ತಿ ನೋಡಿದೆ. ತಿರುಪು, ಮೇಲೆ ಹರಳು. ತೆರೆದ ಅಂಚಿನಿಂದ ಒಳಗೆ ಜಾರಿ, ನಿಮ್ಮಿಬ್ಬರ ಹೊಲಿಗೆಯೊಳಗೇ ಮುಚ್ಚಿಹೋಗಿತ್ತು.

ಆಗಲಾದರೂ ಹೇಳಬೇಕಿತ್ತು. ಮಡಚಿ ಮೊದಲಿನ ಹಾಗೆ ಇಟ್ಟೆ. ಸೂಜಿಯನ್ನೂ ಅದರ ಜಾಗದಲ್ಲೇ ಚುಚ್ಚಿದೆ. ಮೊದಲಿನ ಸುಳ್ಳಿಗಾದರೂ ಉರಿಯಿತ್ತು. ಇದಕ್ಕೆ ಏನಿತ್ತು ಎಂದು ನನಗೆ ಇನ್ನೂ...

ಹೋದ ವಾರ ಒಬ್ಬರ ಮನೆಯಲ್ಲಿ ಏಣಿಯ ಮೇಲಿದ್ದೆ. ಮನೆಯಾಕೆ ಕೆಳಗಿನಿಂದ ಹೇಳಿದಳು, “ಆ ಕಸ್ತೂರಿ ಈ ಕಡೆ ಸುಳದ್ರ ಮೊಬೈಲ್ ಹೊಡ್ಕೊಳ್ಳೂ ಹಂಗ ಮಾಡಿಕೊಡ್ರಿ ಸಾಹೇಬ್ರ, ನಿಮಗ ಅದೆಲ್ಲಾ ಬರತೈತಿ.” ನಗುತ್ತಲೇ ಅಂದಳು. ನಾನು ಕ್ಯಾಮೆರಾವನ್ನು ಅರ್ಧಕ್ಕೆ ಬಿಟ್ಟು ಇಳಿದೆ. ವಾಯರು ಕಡಿಮೆ ಬಿತ್ತು ಎಂದು ಅಲ್ಲಿಯೂ ಒಂದು ಸುಳ್ಳು ಹೇಳಿ ಮನೆಗೆ ಬಂದೆ.

ಗಿರಿಜಾ ರೊಟ್ಟಿ ಬಡಿಯುತ್ತಿದ್ದಳು. ಎಲ್ಲ ಹೇಳಿದೆ. ಬಡಿಯುವ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆಯೆದ್ದರೂ ಆಕೆ ಅದನ್ನು ತಿರುವಲಿಲ್ಲ. ಬೈಯುತ್ತಾಳೆ ಅಂದುಕೊಂಡೆ. ಕೇಳಿದಳು:

“ಅವತ್ತ ಆಕಿ ಕ್ಯಾಮೆರಾ ನೋಡಿ ಏನಂದ್ಲು ಗೊತ್ತೈತೇನ್ರಿ ನಿಮಗ?”

ಇಲ್ಲ ಎಂದೆ.

“‘ಅಣ್ಣಾರ, ನಿಮಗ ಎಲ್ಲೋ ತಪ್ಪ ಕಂಡೈತಿ. ಇನ್ನೊಮ್ಮೆ ನೋಡ್ರಿ’ ಅಂದ್ಲು. ‘ಇನ್ನೊಮ್ಮೆ ಚಂದಂಗ ನೋಡಿ ಇವ್ರಿಗೆಲ್ಲಾ ಹೇಳ್ರಿ’ ಅಂದ್ಲು. ನಾ ಆಕೀನ ನಂಬಲಿಲ್ಲ. ಆಕಿ ನಿಮ್ಮನ್ನ ನಂಬಿದ್ಲು.”

ನೀನು ನನ್ನನ್ನು ಸುಳ್ಳ ಅನ್ನಲಿಲ್ಲ. ಇನ್ನೊಮ್ಮೆ ನೋಡು ಅಂದಿ — ಬೀಗವನ್ನು, ಗ್ಯಾಸನ್ನು, ಇಟ್ಟದ್ದನ್ನೆಲ್ಲ ಇನ್ನೊಮ್ಮೆ ನೋಡುವ ನನಗೆ. ನೀನು ಅದನ್ನು ಹೇಳುವ ಹೊತ್ತಿಗೆ ನೋಡಲು ಏನೂ ಉಳಿಯದ ಹಾಗೆ ನಾನು ಮಾಡಿಯಾಗಿತ್ತು.

ಗಿರಿಜಾ ಟ್ರಂಕು ತೆಗೆದು ಕೌದಿಯ ಹೊಲಿಗೆ ಬಿಚ್ಚಿದಳು. ಬೆಂಡೋಲಿ ಅಂಗೈಗೆ ಬಿತ್ತು. ಕಿವಿಗೆ ಹಾಕಿಕೊಳ್ಳಲಿಲ್ಲ. ಸೆರಗಿನ ತುದಿಗೆ ಇಟ್ಟು ಗಂಟು ಹಾಕಿದಳು. “ನನ್ನ ಮುಂದ ಹೇಳಿದ್ದು ಮುಗೀತು. ಇನ್ನ ಕಟ್ಟಿ ಮ್ಯಾಲೆ ಹೇಳ್ರಿ” ಅಂದಳು. ಅಂದಿನಿಂದ ನನ್ನೊಡನೆ ಮಾತಿಲ್ಲ. ಆ ಗಂಟನ್ನು ಬಿಚ್ಚಿಯೂ ಇಲ್ಲ. ಊಟಕ್ಕೆ ಬಡಿಸಲು ಬಗ್ಗಿದಾಗೆಲ್ಲ ಅದು ನನ್ನ ಕಣ್ಣಮುಂದೆ ಬರುತ್ತದೆ.

ನಾಳೆ ಐತವಾರ. ಬೆಳಗ್ಗೆ ಎಲ್ಲರೂ ಮನೆಯಲ್ಲಿರುತ್ತಾರೆ. ಓಣಿಯವರನ್ನು ಕಟ್ಟೆಗೆ ಕರೆದಿದ್ದೇನೆ, ಕಾರಣ ಹೇಳಿಲ್ಲ; ಹೊಸ ಕ್ಯಾಮೆರಾ ಏನೋ ತಂದಿರಬೇಕು ಅಂದುಕೊಂಡಿದ್ದಾರೆ. ನೀನು ಬಾ ಎಂದು ಕರೆಯುವ ಮುಖ ನನಗಿಲ್ಲ. ಅವರ ಮುಂದೆ ಇದನ್ನು ಓದುತ್ತೇನೆ. ಆಮೇಲೆ ಹಿಂದಿನ ಓಣಿಯಿಂದ ನಡೆದು ನಿನ್ನ ಬಾಗಿಲಿಗೆ ಬಂದು, ನೀನು ತೆರೆದರೂ ತೆರೆಯದಿದ್ದರೂ, ಇನ್ನೊಮ್ಮೆ ಓದುತ್ತೇನೆ.

ಇನ್ನೊಮ್ಮೆ ನೋಡಿದೆ, ತಂಗಿ. ನೀನು ತಗೊಂಡಿಲ್ಲ.