ಅಕ್ಕ ಕೊಟ್ಟ ಕಂಪ್ಲೇಂಟು

ನಮ್ಮಕ್ಕನಿಗೆ ಹುಟ್ಟಿನಿಂದಲೂ ಕಿವಿ ಕೇಳಿಸದು. ಮೈಸೂರಿನಲ್ಲಿ ಕಿವುಡ ಮಕ್ಕಳ ಶಾಲೆಯ ಹಾಸ್ಟೆಲಿನಲ್ಲಿದ್ದು ಹತ್ತನೇ ತರಗತಿವರೆಗೆ ಓದಿ, ಹೊಲಿಗೆ ಕಲಿತು ಊರಿಗೆ ವಾಪಸಾದಳು. ನಮ್ಮೂರು ಪಾಂಡವಪುರದಿಂದ ಚಿನಕುರಳಿಗೆ ಹೋಗುವಾಗ ಒಳಕ್ಕೆ ತಿರುಗಿದರೆ ಸಿಗುತ್ತದೆ. ಪಡಸಾಲೆಯಲ್ಲಿ ಮಿಷನ್ನು ಹಾಕಿಕೊಂಡು ಊರಿನ ಹೆಂಗಸರಿಗೆಲ್ಲ ಅವಳೇ ರವಿಕೆ ಹೊಲಿಯುತ್ತಿದ್ದಳು. ಅವಳೊಡನೆ ಕೈಸನ್ನೆಯಲ್ಲಿ ಸಲೀಸಾಗಿ ಮಾತಾಡುತ್ತಿದ್ದವಳು ಮನೆಯಲ್ಲಿ ನಾನೊಬ್ಬಳೇ. ನಾನಾಗ ಪಾಂಡವಪುರದಲ್ಲಿ ಕಾಲೇಜಿಗೆ ಹೋಗುತ್ತಿದ್ದೆ.

ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ನಮ್ಮ ಮನೆಗೆ ಫೋನು ಬಂತು. ಅಪ್ಪ ಅದರ ಮೇಲೆ ಅಕ್ಕನ ಕೈಯಲ್ಲೇ ಒಂದು ಕಸೂತಿ ಬಟ್ಟೆ ಹೊಲಿಸಿ ಹೊದಿಸಿದ. ಫೋನು ರಿಂಗಾದಾಗ ಎಲ್ಲರೂ ಓಡುತ್ತಿದ್ದರು. ಅಕ್ಕ ನಾವು ಓಡುವುದನ್ನು ನೋಡಿ, ಓ, ರಿಂಗಾಯಿತು ಎಂದು ತಿಳಿದುಕೊಳ್ಳುತ್ತಿದ್ದಳು.

ಹಾಸ್ಟೆಲಿನಲ್ಲಿ ಅಕ್ಕನ ಜೊತೆಗಿದ್ದ ಗೆಳತಿಯೊಬ್ಬಳನ್ನು ಕೆ.ಆರ್. ಪೇಟೆಗೆ ಕೊಟ್ಟಿದ್ದರು. ಅವಳಿಗೂ ಕಿವಿ ಕೇಳಿಸದು. ಗಂಡನಿಗೆ ಅಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ. ಒಂದು ಭಾನುವಾರ ಅವನು ಹಳೆಯ ಕಂಪ್ಯೂಟರೊಂದನ್ನು ವ್ಯಾನಿನಲ್ಲಿ ಹಾಕಿಕೊಂಡು ಬಂದು ನಮ್ಮ ಪಡಸಾಲೆಯಲ್ಲಿ ಇಟ್ಟ. ಜೊತೆಗೆ ಸಣ್ಣ ದೀಪಗಳಿರುವ ಒಂದು ಡಬ್ಬಿ. ಅದೇ ಮೋಡೆಮ್. "ಇಬ್ರೂ ಇನ್ಮೇಲೆ ಫೋನಲ್ಲೇ ಮಾತಾಡ್ಕೋಬೋದು" ಎಂದ. ಅಪ್ಪ ನಗಾಡಿದ. ಆದರೆ ಅವನು ಹೇಳಿದ್ದು ನಿಜವಾಗಿತ್ತು. ಇಲ್ಲಿ ಅಕ್ಷರ ಒತ್ತಿದರೆ ಡಬ್ಬಿ ಅದನ್ನು ಸದ್ದು ಮಾಡಿ ತಂತಿಗೆ ಬಿಡುತ್ತದೆ, ಆ ಕಡೆಯ ಡಬ್ಬಿ ಸದ್ದನ್ನು ಮತ್ತೆ ಅಕ್ಷರ ಮಾಡುತ್ತದೆ. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಟೈಪು ಮಾಡಿ, ಮೊದಲ ದಿನ ಅಕ್ಕ ಕೈಸನ್ನೆಯ ಧಾಟಿಯಲ್ಲೇ ಕಳಿಸಿದ್ದು "ನಾನು ಊಟ ಆಯ್ತು. ನೀನು?" ಎಂದು. ಕೆ.ಆರ್. ಪೇಟೆಯಿಂದ ಒಂದೊಂದೇ ಅಕ್ಷರ ಪರದೆಯ ಮೇಲೆ ಬಂದು ಕೂತಾಗ ಅವಳು ನನ್ನ ಜಡೆ ಹಿಡಿದು ಎಳೆದಳು. ಅಷ್ಟು ಖುಷಿ.

ಡಬ್ಬಿಯ ಮೇಲೆ 33,600 ಎಂದು ಬರೆದಿತ್ತು. ಸೆಕೆಂಡಿಗೆ ಇಷ್ಟು ಬಿಟ್ ಎಂಬ ಲೆಕ್ಕದಲ್ಲಿ ಅದು ಅದರ ಗರಿಷ್ಠ ವೇಗ, ಕೊಟ್ಟ ಮಾತಲ್ಲ. ಪ್ರತಿ ಸಲ ಫೋನು ಸೇರಿದಾಗ ಎರಡೂ ಮೋಡೆಮ್‌ಗಳು ತಂತಿಯನ್ನು ಪರೀಕ್ಷೆ ಮಾಡಿ, ಇಷ್ಟು ವೇಗದಲ್ಲಿ ಹೋಗಬಹುದು ಎಂದು ತಾವೇ ಒಪ್ಪಂದ ಮಾಡಿಕೊಳ್ಳುತ್ತವೆ. ನಮ್ಮದು ಕೆಲವು ದಿನ 14,400, ಕೆಲವು ದಿನ 9,600. ಟೆಲಿಫೋನ್ ತಂತಿಯ ಏರ್ಪಾಡೆಲ್ಲ ಮನುಷ್ಯರ ದನಿ ಸಾಗಲು ಎಷ್ಟು ಬೇಕೋ ಅಷ್ಟಕ್ಕೇ. ಮೋಡೆಮ್ ಆ ಇಕ್ಕಟ್ಟಿನಲ್ಲೇ ನುಗ್ಗಬೇಕು. ತಂತಿಯಲ್ಲಿ ಕರಕರ ಇದ್ದರೆ ಅಕ್ಷರ ಕೆಡುತ್ತದೆ, ಕೆಟ್ಟದ್ದನ್ನು ಮತ್ತೆ ಕಳಿಸಬೇಕಾಗುತ್ತದೆ. ಕರಕರ ಹೆಚ್ಚಾದರೆ ಎರಡೂ ಮೋಡೆಮ್‌ಗಳು ನಿಂತು ಮೊದಲಿನಿಂದ ಒಪ್ಪಂದ ಮಾಡಿಕೊಳ್ಳುತ್ತವೆ. ಅದೂ ಆಗದಿದ್ದರೆ ಸಂಪರ್ಕ ಕಡಿದುಹೋಗುತ್ತದೆ. ಕಡಿದ ಮೇಲೆ ಒಂದು ಆಜ್ಞೆ ಟೈಪು ಮಾಡಿದರೆ ಎಲ್ಲ ಲೆಕ್ಕ ಪರದೆಗೆ ಬರುತ್ತದೆ: ಎಷ್ಟು ಕೆಟ್ಟಿತು, ಎಷ್ಟು ಸಲ ಮರುಒಪ್ಪಂದವಾಯಿತು, ಕೊನೆಗೆ ಕಡಿದದ್ದು ಯಾಕೆ.

ಈ ಲೆಕ್ಕ ಓದುವುದನ್ನು ಅಕ್ಕ ಬೇಗ ಕಲಿತಳು. ಅಳತೆ ಟೇಪು ಹಿಡಿದವಳಿಗೆ ಅಂಕಿಗಳೇನೂ ಹೊಸತಲ್ಲ. ಹೊಲದ ಪಂಪುಗಳಿಗೆ ತ್ರೀಫೇಸ್ ಕರೆಂಟು ಕೊಟ್ಟ ಹೊತ್ತಿನಲ್ಲಿ ಕೆಟ್ಟ ಅಕ್ಷರಗಳ ಅಂಕಿ ಏರುತ್ತದೆ, ತ್ರೀಫೇಸು ತೆಗೆದು ಮನೆಗಳಿಗಷ್ಟೇ ಕರೆಂಟು ಬಿಟ್ಟರೆ ಇಳಿಯುತ್ತದೆ ಎಂದು ನನಗೆ ತೋರಿಸಿಕೊಟ್ಟವಳು ಅವಳೇ. ನಾನು ರಿಸೀವರು ಕಿವಿಗಿಟ್ಟು ಕೇಳಿದೆ. ಅಂಥದ್ದೇನೂ ನನಗೆ ಕೇಳಿಸಲಿಲ್ಲ.

ಒಂದು ಬೆಳಿಗ್ಗೆ ಗೆಳತಿ ಟೈಪು ಮಾಡುತ್ತಿದ್ದಳು: "ನಿನ್ನೆ ಅತ್ತೆ ನನ್ನ ಕೈ". ಅಷ್ಟಕ್ಕೇ ಸಂಪರ್ಕ ಕಡಿಯಿತು. ಅಕ್ಕ ಮತ್ತೆ ಮತ್ತೆ ಡಯಲ್ ಮಾಡಿದಳು. ಸೇರುವುದು, ಬೀಳುವುದು. ಕೈ ಏನಾಯಿತು? ಮುರಿದರೋ, ಸುಟ್ಟರೋ? ಆ ಕಾಲದಲ್ಲಿ ಸೊಸೆಯರ ವಿಷಯ ಕೇಳಿದ್ದೆಲ್ಲ ಅಂಥದ್ದೇ. ಆ ಮನೆಯ ನಂಬರಿಗೆ ನಾನು ಬಾಯಲ್ಲಿ ಮಾತಾಡೋಣವೆಂದು ಫೋನು ಮಾಡಿದೆ, ಯಾರೂ ಎತ್ತಲಿಲ್ಲ. ಅಕ್ಕ ಸೆರಗು ಸಿಕ್ಕಿಸಿಕೊಂಡು ಹೊರಟೇಬಿಟ್ಟಳು. ನಾನೂ ಹಿಂದೆ ಓಡಿದೆ. ಚಿನಕುರಳಿಯಲ್ಲಿ ಬಸ್ಸು ಹಿಡಿದು ಕೆ.ಆರ್. ಪೇಟೆಗೆ ಹೋದೆವು. ಗೆಳತಿ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಅವಳು ಟೈಪು ಮಾಡಿದ ವಾಕ್ಯ ಇದು: ನಿನ್ನೆ ಅತ್ತೆ ನನ್ನ ಕೈಲಿ ಕೋಳಿ ಸಾರು ಮಾಡಿಸಿದರು, ಎಲ್ಲರೂ ಹೊಗಳಿದರು.

ಅವಳು ನಕ್ಕಳು. ಅಕ್ಕ ಅವಳ ಬೆನ್ನಿಗೊಂದು ಗುದ್ದಿ, ಅಲ್ಲೇ ಒಗೆಯುವ ಕಲ್ಲಿನ ಮೇಲೆ ಕೂತು ಅತ್ತಳು.

ಮರುದಿನವೇ ನಾವಿಬ್ಬರೂ ಟೆಲಿಫೋನ್ ಕಚೇರಿಗೆ ಹೋಗಿ ದೂರು ಬರೆಸಿದೆವು. ಕೆಲವು ದಿನ ಬಿಟ್ಟು ಇಂಜಿನಿಯರು ಜೀಪಿನಲ್ಲಿ ಬಂದ. ಅಪ್ಪ ಅವನಿಗೆ ಕುರ್ಚಿ ಹಾಕಿ ಮಜ್ಜಿಗೆ ಕೊಡಿಸಿದ. ಅವನು ರಿಸೀವರು ಎತ್ತಿ ತನ್ನ ಕಚೇರಿಗೆ ಡಯಲ್ ಮಾಡಿ, "ಹಲೋ, ಹಲೋ, ಕೇಳ್ತಾ ಇದ್ಯಾ? ನಂಗೂ ಕೇಳ್ತಾ ಇದೆ" ಎಂದು ಇಟ್ಟ.

"ಲೈನು ಕ್ಲಿಯರಾಗೇ ಅದೆ."

ಅಕ್ಕ ಅವನ ತೋಳು ಮುಟ್ಟಿ ಪರದೆ ತೋರಿಸಿದಳು. ಹಿಂದಿನ ಸಂಪರ್ಕದ ಅಂಕಿಗಳೆಲ್ಲ ಅಲ್ಲಿದ್ದವು. ತ್ರೀಫೇಸು ಬಂದಾಗ ಹೀಗಾಗುತ್ತದೆಂದು ನಾನು ವಿವರಿಸಿದೆ.

"ಹಂಗಾದ್ರೆ ಕರೆಂಟ್ ಆಫೀಸ್‌ನೋರ್ನ ಕೇಳಿ" ಎಂದ. ನಾನು ಕೇಳಿಯೇ ಬಂದಿದ್ದೆ. ಅವರು, ನಮ್ಮ ತಂತಿ ನೆಟ್ಟಗಿದೆ, ಫೋನಿನವರನ್ನು ಕೇಳಿ ಎಂದಿದ್ದರು.

"ಕಂಪ್ಲೇಂಟು ಯಾರ ಹೆಸರಲ್ಲಿ ಬರ್ಸಿದ್ದು?"

"ನಮ್ಮಕ್ಕನ್ ಹೆಸರಲ್ಲಿ ಸಾರ್."

ಅವನು ಅಪ್ಪನ ಕಡೆ ತಿರುಗಿದ. "ಏನ್ ಗೌಡ್ರೇ, ಕಿವಿ ಕೇಳ್ಸೋರಿಗೆಲ್ಲ ಲೈನು ಕ್ಲಿಯರಾಗೇ ಅದೆ. ಸದ್ದು ಅಂತ ನಿಮ್ ಕಿವುಡಿ ಕಂಪ್ಲೇಂಟು ಕೊಟ್ಟವ್ಳಲ್ಲ!"

ಅವನು ನಕ್ಕ. ಅಪ್ಪನೂ ನಕ್ಕ. "ಮಕ್ಳಾಟ ಬುಡಿ ಸ್ವಾಮಿ" ಎಂದ.

ನಾನು ಮುಂದೆ ನುಗ್ಗಿದೆ. "ಕಿವುಡಿ ಗಿವುಡಿ ಅಂದ್ರೆ ನೆಟ್ಗಿರಲ್ಲ. ನಿಮ್ಗೆ ಓದಕ್ ಬತ್ತದಲ್ವಾ? ಅಲ್ಲಿ ಬರ್ದದೆ ಓದಿ. ಓದ್ದೆ ಕ್ಲಿಯರ್ ಅಂತ ಎಂಗ್ ಬರ್ಕೋತೀರಾ?" ಎಂದು ಕಿರುಚಿದೆ. ಅಪ್ಪ ನನ್ನ ರಟ್ಟೆ ಹಿಡಿದು ಒಳಗೆ ತಳ್ಳಿದ. ಇಂಜಿನಿಯರು ತಣ್ಣಗೆ ಹೇಳಿದ, "ಇಲ್ನೋಡಮ್ಮ, ಫೋನು ಕೊಟ್ಟಿರೋದು ಮಾತಾಡಕ್ಕೆ. ಮಾತು ಕೇಳಿಸ್ತಾ ಇದ್ರೆ ನಮ್ ಡ್ಯೂಟಿ ಮುಗೀತು." ದೋಷವಿಲ್ಲ ಎಂದು ಬರೆದುಕೊಂಡು ಹೊರಟ.

ಅವನು ಏನಂದ ಎಂದು ಅಕ್ಕ ಕೇಳಿದಳು. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಅವನ ಮಾತು, ಅಪ್ಪನ ನಗು ಎರಡನ್ನೂ ಇದ್ದದ್ದು ಇದ್ದಂತೆ ಸನ್ನೆ ಮಾಡಿ ತಿಳಿಸಿದೆ. ಅಕ್ಕ ಆ ದಿನವೆಲ್ಲ ಮಿಷನ್ನು ತುಳಿಯಲಿಲ್ಲ.

ಆಮೇಲೆ ಮೋಡೆಮ್ ಜೊತೆ ಬಂದ ಪುಸ್ತಿಕೆ ತೆಗೆದಳು. ಇಂಗ್ಲಿಷಿನಲ್ಲಿ ಗೊತ್ತಾಗದ ಕಡೆ ನನ್ನನ್ನು ಕೇಳಿದಳು. ನಾವೇ ವೇಗಕ್ಕೊಂದು ಮಿತಿ ಹಾಕಬಹುದು ಎಂದು ಅದರಲ್ಲಿತ್ತು. ಓಡಿ ಬೀಳುವುದಕ್ಕಿಂತ ನಡೆಯುವುದು ಮೇಲಲ್ಲವೇ, ಎಂದಳು. 2,400 ಎಂದು ಕಟ್ಟಿದಳು. ಇಬ್ಬರು ಹೆಂಗಸರು ಬೆರಳಲ್ಲಿ ಆಡುವ ಮಾತಿಗೆ ಅಷ್ಟು ಧಾರಾಳವಾಗಿ ಸಾಕು. ಸಂಪರ್ಕ ಕಡಿಯದೆ ನಿಂತಿತು. ತ್ರೀಫೇಸು ಬಂದಾಗಲೂ ಬೀಳುವುದು ಅಪರೂಪವಾಯಿತು.

"ಸರೋಯ್ತಲ್ಲ, ಇನ್ನೇನು?" ಎಂದ ಅಪ್ಪ.

ಸರಿಹೋಗಿರಲಿಲ್ಲ. ಅಕ್ಕ ತನ್ನ ಮಾತನ್ನು ಹಾಳು ತಂತಿಗೆ ತಕ್ಕಂತೆ ಕುಗ್ಗಿಸಿಕೊಂಡಿದ್ದಳು, ಅಷ್ಟೆ. ತಂತಿ ಹಾಳಾಗಿಯೇ ಇತ್ತು. ಅವಳು ಸಮಾಧಾನವಾಗಿದ್ದಷ್ಟೂ ನನಗೆ ಸಿಟ್ಟು ಹೆಚ್ಚುತ್ತಿತ್ತು.

ಆ ವರ್ಷದ ಮಳೆಗಾಲದಲ್ಲಿ ಪಂಚಾಯಿತಿ ಸದಸ್ಯರೊಬ್ಬರ ಫೋನಿನಲ್ಲಿ ಜೊರ್ರೆಂದು ಸದ್ದು ಬರತೊಡಗಿತು. ಅವರದೂ ನಮ್ಮದೂ ಒಂದೇ ಸಾಲು ಕಂಬಗಳ ಮೇಲಿನ ಲೈನು. ಅವರು ದೂರು ಕೊಟ್ಟ ದಿನವೇ ಲೈನ್‌ಮನ್ನು ಏಣಿ ತಂದು ಹಾಲಿನ ಡೈರಿ ಹಿಂದಿನ ಕಂಬ ಹತ್ತಿದ. ಆಮೇಲೆ ನಮ್ಮ ಮನೆಯ ಫೋನನ್ನೂ ನೋಡಲು ಬಂದವನು ಅಂಗಳದಲ್ಲಿ ನಿಂತು ಹೇಳಿದ, "ನಿಮ್ ಜಾಯಿಂಟೂ ಕೊಳ್ತೋಗಿತ್ತು ಕಣವ್ವ, ಅಸ್ರು ಕಿಲುಬು ಕಟ್ಟಿತ್ತು. ಬಾಳ ದಿನದ್ದು. ಅಂಗಿದ್ರೆ ಪಕ್ಕದ್ ಕರೆಂಟ್ ಲೈನಿಂದೆಲ್ಲಾ ಸದ್ದು ಎಳ್ಕತದೆ."

ಅಕ್ಕ ಹಾಕಿದ್ದ ಮಿತಿ ತೆಗೆದು ಡಯಲ್ ಮಾಡಿದಳು. ಎಂದೂ ಕಾಣದ 26,400 ಪರದೆಯ ಮೇಲೆ ಬಂತು. ಕೆಟ್ಟ ಅಕ್ಷರಗಳ ಲೆಕ್ಕದಲ್ಲಿ ಹೆಚ್ಚೇನೂ ಇರಲಿಲ್ಲ.

ಅವಳು ಗೆಳತಿಯ ಜೊತೆ ಮಾತಿಗೆ ಕೂತಳು. ನಾನು ಬಸ್ಸು ಹತ್ತಿ ಟೆಲಿಫೋನ್ ಕಚೇರಿಗೆ ಹೋದೆ. ಅವನ ಮುಖಕ್ಕೇ ಹೇಳಬೇಕಿತ್ತು. ಅವನ ಕುರ್ಚಿಯಲ್ಲಿ ಬೇರೊಬ್ಬರು ಕೂತಿದ್ದರು. ಅವನಿಗೆ ವರ್ಗವಾಗಿತ್ತು. ನಾನು ಕತೆಯೆಲ್ಲ ಹೇಳಿದೆ. ಹೊಸಬರು ಸೌಮ್ಯವಾಗಿಯೇ ಕೇಳಿಸಿಕೊಂಡು, "ಈಗ ಸರಿಹೋಗಿದೆ ಅಲ್ವೇನಮ್ಮ? ಮತ್ತೆ ಏನು ಬೇಕಿತ್ತು?" ಎಂದರು. ಒಬ್ಬ ಮನುಷ್ಯ ನಮ್ಮ ಪಡಸಾಲೆಗೆ ಬಂದು ನಮ್ಮಕ್ಕನ ಎದುರು ನಿಂತು, ನೀನು ಹೇಳಿದ್ದು ಸರಿ ಎನ್ನಬೇಕಿತ್ತು. ಅಂಥ ಕೆಲಸಕ್ಕೆ ಅಲ್ಲಿ ಯಾರೂ ಇರಲಿಲ್ಲ.

ಮನೆಗೆ ಬಂದಾಗ ಅಪ್ಪ ಜಗಲಿಯ ಮೇಲೆ ಹಗ್ಗ ಹೊಸೆಯುತ್ತಿದ್ದ. ಎಲ್ಲ ಸಿಟ್ಟೂ ಅವನ ಮೇಲೆ ತಿರುಗಿತು.

"ಅವ್ನ್ ಬುಡು, ಆಫೀಸರು. ನೀನ್ಯಾಕಪ್ಪ ನಕ್ಕೆ ಅವತ್ತು?"

ಅಪ್ಪನ ಕೈ ನಿಂತಿತು. "ಎಲ್ರೂ ನಕ್ರು ಕಣವ್ವ, ನಾನೂ ನಕ್ಕೆ."

ಎಲ್ಲರೂ ಅಂದರೆ ಆ ಇಂಜಿನಿಯರು ಮತ್ತು ಅಪ್ಪ, ಇಬ್ಬರೇ. ಹಾಗೆಂದು ಅವನಿಗೆ ಹೇಳಿದೆ. ಅವನು ತಲೆ ತಗ್ಗಿಸಿ ಮತ್ತೆ ಹಗ್ಗ ಹೊಸೆಯತೊಡಗಿದ. ಎಷ್ಟೋ ದಿನ ನಾನು ಅವನಿಗೆ ಊಟಕ್ಕೆ ಬಡಿಸಲಿಲ್ಲ. ಬಡಿಸಿದವಳು ಅಕ್ಕನೇ.