ಪುಣೆಯಿಂದ ಒಂದೂವರೆ ಗಂಟೆ

ಅತ್ತಿಗೆ ಹಾಸಿಗೆ ಹಿಡಿದ ಹನ್ನೊಂದು ತಿಂಗಳಲ್ಲಿ ಅವರ ತಮ್ಮ ಒಂದು ಸಲವೂ ಬರಲಿಲ್ಲ. ಅವನಿರುವುದು ಪುಣೆಯಲ್ಲಿ, ಪಂಪು ಮೋಟಾರುಗಳ ವ್ಯಾಪಾರ. ಅಪ್ಪ ಅಮ್ಮ ಬೇಗ ತೀರಿಕೊಂಡಿದ್ದರಿಂದ ಅವನನ್ನು ಸಾಕಿ ಓದಿಸಿದವರೇ ಅತ್ತಿಗೆ. ವಾರಕ್ಕೊಮ್ಮೆ ಫೋನು ಮಾಡಿ, "ಬರ್ತೀನಿ ಅಕ್ಕ, ಎಂಟ್ನೂರು ಕಿಲೋಮೀಟರ್ ಅಂತ ಯೋಚ್ನೆ ಮಾಡ್ಬೇಡ, ಫ್ಲೈಟಲ್ಲಿ ಒಂದೂವರೆ ಗಂಟೆ ಅಷ್ಟೇ" ಅನ್ನುತ್ತಿದ್ದ.

ಎಂದೂ ವಿಮಾನ ಹತ್ತದ ಅತ್ತಿಗೆಗೆ ಅದೊಂದು ಸೋಜಿಗ. "ಅಂದ್ರೆ ನಾವು ಇಲ್ಲಿಂದ ಸಿಲ್ಕ್ ಬೋರ್ಡ್‌ಗೆ ಹೋಗಿ ಬರೋಷ್ಟು ಹೊತ್ತು, ಅಲ್ವಾ?" ಎಂದು ನನ್ನನ್ನು ಕೇಳುತ್ತಿದ್ದರು. ಹೌದು ಅನ್ನುತ್ತಿದ್ದೆ. ಕೇಳಿದಾಗಲೆಲ್ಲ ನನಗೆ ಅವನ ಮೇಲೆ ಹೇಸಿಗೆ ಹುಟ್ಟುತ್ತಿತ್ತು. ದೂರ ಅಂದಿದ್ದರೆ ಅವರು ಕಾಯುವುದನ್ನಾದರೂ ಬಿಡುತ್ತಿದ್ದರು.

ಹನುಮಂತನಗರದ ಮನೆಯಲ್ಲಿ ಒಂದು ಸಂಜೆ ಅತ್ತಿಗೆ ತೀರಿಹೋದರು. ಅಣ್ಣ ಫೋನು ಮಾಡಿದಾಗ ಅವರ ತಮ್ಮ, ಬೆಳಗ್ಗೆ ಮೊದಲ ಫ್ಲೈಟಿಗೇ ಬರುತ್ತೇನೆ, ನಾನು ಬರುವವರೆಗೆ ಎತ್ತಬೇಡಿ ಅಂದ. ಐಸ್ ಪೆಟ್ಟಿಗೆ ತರಿಸಿದೆವು.

ಮರುದಿನ ಹತ್ತಾಯಿತು, ಹನ್ನೆರಡಾಯಿತು. ಪೆಟ್ಟಿಗೆಯಿಂದ ಸೋರಿದ ನೀರು ನಡುಮನೆಯ ತುಂಬ ಹರಡಿತ್ತು. ಬಾಡಿದ ಹೂವು, ಊದುಬತ್ತಿ, ಬೆವರು ಎಲ್ಲ ಸೇರಿದ ವಾಸನೆ ಮನೆಯಲ್ಲೆಲ್ಲ ಹಬ್ಬಿತ್ತು. ಹಾರಕ್ಕೆ ಇರುವೆಗಳು ಹತ್ತಿದ್ದವು. ಅಣ್ಣ ಅವನ್ನು ಒಂದೊಂದಾಗಿ ತೆಗೆಯುತ್ತಾ ಕೂತಿದ್ದ.

ಎರಡು ಗಂಟೆಯ ಮೇಲೆ ಬಂದವನು ಬಾಗಿಲಲ್ಲೇ ಶುರು ಮಾಡಿದ. "ಏನ್ ಊರು ಭಾವ ಇದು. ಪುಣೆಯಿಂದ ಇಲ್ಲಿನ ಏರ್‌ಪೋರ್ಟಿಗೆ ಒಂದೂವರೆ ಗಂಟೆ, ಏರ್‌ಪೋರ್ಟಿಂದ ಇಲ್ಲಿಗೆ ಎರಡೂಮುಕ್ಕಾಲು."

ಅಕ್ಕನ ಮುಖವನ್ನು ಅವನಿನ್ನೂ ನೋಡಿರಲಿಲ್ಲ.

"ಮೊದಲ ಫ್ಲೈಟ್ ಸಿಗ್ಲಿಲ್ವಾ?" ಎಂದು ಕೇಳಿದೆ.

"ಸಿಕ್ತಿತ್ತು ಅಕ್ಕ. ಆರು ಗಂಟೆದು. ಮೂರಕ್ಕೇ ಏಳ್ಬೇಕಲ್ಲ ಅಂತ ಬಿಟ್ಟೆ."

ನನ್ನನ್ನೂ ಅಕ್ಕ ಎನ್ನುವವನು ಯಾವ ಅಳುಕೂ ಇಲ್ಲದೆ ಹೇಳಿದ. ನಂತರ ಪೆಟ್ಟಿಗೆಯ ಗಾಜಿನ ಮೇಲೆ ಕೈಯಿಟ್ಟು ಜೋರಾಗಿ ಅತ್ತ. ಅತ್ತದ್ದು ನಿಜವೇ ಇರಬೇಕು. ಆದರೆ ನನಗೆ ಆ ಅಳುವೇ ಹೆಚ್ಚು ಅಸಹ್ಯವೆನಿಸಿತು. ಎದ್ದು ಹಿತ್ತಲಿಗೆ ಹೋಗಿ ನಿಂತೆ.

ಬನಶಂಕರಿಯ ಚಿತಾಗಾರದಲ್ಲಿ ಅಣ್ಣ ಇನ್ನೂ ಒಳಗಿದ್ದ. ಇವನು ನನ್ನ ಬಳಿ ಬಂದು, "ಅಕ್ಕ, ಒಂಬತ್ತಕ್ಕೆ ರಿಟರ್ನ್ ಫ್ಲೈಟ್. ಇಲ್ಲಿಂದ್ಲೇ ಹೊರಟ್ರೆ ಸರಿಹೋಗತ್ತೆ ಅಲ್ವಾ?" ಅಂದ.

"ಮನೆಗ್ ಬಂದು ಸ್ನಾನ ಮಾಡಲ್ವಾ?"

"ಅಲ್ಲೇ ಹೋಗಿ ಮಾಡ್ತೀನಿ. ಟ್ರಾಫಿಕ್ ನೋಡಿದ್ರಲ್ಲ."

"ಹೋಗಿ," ಅಂದೆ.

ಅಷ್ಟರಲ್ಲಿ ಹೊರಬಂದ ಅಣ್ಣ ಅವನ ಭುಜ ತಟ್ಟಿ, "ಹುಷಾರಾಗಿ ಹೋಗಪ್ಪ, ಊಟನೂ ಮಾಡಿಲ್ಲ ನೀನು" ಅಂದ. ಆ ಕ್ಷಣ ಅಣ್ಣನ ಒಳ್ಳೆಯತನದ ಮೇಲೂ ನನಗೆ ಸಿಟ್ಟು ಬಂತು.

ಮೂರನೇ ದಿನ ಅಸ್ಥಿ ಬಿಡಲು ಅಣ್ಣನೂ ನಾನೂ ಬಸ್ಸಿನಲ್ಲಿ ಶ್ರೀರಂಗಪಟ್ಟಣಕ್ಕೆ ಹೋದೆವು. ರಾಮನಗರ ದಾಟಿದ ಮೇಲೆ ಅಣ್ಣ, "ಅವನಿಗೂ ಒಂದ್ ಮಾತು ಹೇಳ್ಬೇಕಿತ್ತೇನೋ" ಅಂದ.

"ಬೇಡ ಬಿಡಣ್ಣ," ಅಂದೆ.

ಅಣ್ಣ ಮಡಿಲಲ್ಲಿದ್ದ ಕುಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕಿಟಕಿಯ ಕಡೆ ತಿರುಗಿದ.